ಸಿಸ್ಟಮ್‌ಡಿ ಸರ್ವಿಸ್ ತಗಿಯೂದು, ರೀಲೋಡ್ ಮಾಡೂದು: ಪದೇ ಪದೇ ಕೇಳೂ ಪ್ರಶ್ನೆಗಳು

ಪುಣೆದಾಗ ಹಿಂಜವಡಿ, ಖರಾಡಿ, ಮಗರಪಟ್ಟಾ ಕಡೆ ಲಿನಕ್ಸ್ ಸಪೋರ್ಟ್ ಕೆಲಸಾ ಮಾಡೂ ನಮ್ಮ ಬೆಳಗಾವಿ, ವಿಜಯಪುರ, ಕಲಬುರ್ಗಿ ಹುಡುಗ್ರು ಬಾಳ ಮಂದಿ ಅದಾರ, ಮತ್ತ ಅವ್ರು ಕೇಳೂ ಪ್ರಶ್ನೆ ಹೆಚ್ಚು ಕಮ್ಮಿ ಇವೇ ಇರತಾವ. ಅದಕ್ಕ ಎಲ್ಲಾ ಒಂದ ಕಡೆ ಬರದೀನಿ. ಸಿಸ್ಟಮ್‌ಡಿ ಅಂದ್ರ ಲಿನಕ್ಸ್ ಬೂಟ್ ಆದಾಗ ಮೊದ್ಲ ಎದ್ದು, ಹಿನ್ನೆಲಿಯೊಳಗ ಓಡೂ ಪ್ರೋಗ್ರಾಂಗಳನ್ನ, ಅಂದ್ರ ಸರ್ವಿಸ್‌ಗಳನ್ನ, ಎಬ್ಬಸೂ, ನಿಲ್ಲಸೂ ಪ್ರೋಗ್ರಾಂ. ಅದಕ್ಕ ಹುಕುಂ ಕೊಡೂ ಕಮಾಂಡ್ ಸಿಸ್ಟಮ್‌ಸಿಟಿಎಲ್, ಸರ್ವಿಸ್ ಹೆಂಗ ಓಡಿಸಬೇಕು ಅಂತ ಬರದಿಟ್ಟದ್ದು ಯೂನಿಟ್ ಫೈಲ್. ಉದಾಹರಣೆಗೆ ಎಲ್ಲಾ ಕಡೆ ಒಂದ ಸರ್ವಿಸ್ ಹಿಡ್ಕೊಂಡೀನಿ: ಕೋಥರೂಡ್ ಕಡೆ ಒಂದು ಖಾನಾವಳಿಗೆ ರೊಟ್ಟಿ ಊಟದ ಡಬ್ಬಾ ಆರ್ಡರ್ ತಗೊಳ್ಳೂ ಸಣ್ಣ ಪೈಥಾನ್ ಆ್ಯಪ್ ಐತಿ ಅಂತ ತಿಳ್ಕೋರಿ, ಹೆಸರು ಡಬ್ಬಾ.ಸರ್ವಿಸ್. ಮುಂಜಾನೆ ಹತ್ತರಿಂದ ಹನ್ನೆರಡರ ತನಕ ಆರ್ಡರ್ ಬರತಾವ, ಆ ಹೊತ್ತಿಗೆ ಅದು ಬಂದ್ ಆಗಬಾರ್ದು.

ಪ್ರ: ಅಣ್ಣಾರ, ಯೂನಿಟ್ ಫೈಲ್ ಬದಲಿ ಮಾಡಿ ರೀಸ್ಟಾರ್ಟ್ ಹೊಡದೀನಿ, ಆದ್ರೂ ಹಳೇದ ಓಡಾಕತ್ತೈತಿ. ಯಾಕ?

ಇಲ್ಲಿ ಮೂರು ಬ್ಯಾರೆ ಬ್ಯಾರೆ ವಸ್ತು ಅದಾವ, ಅದನ್ನ ಮೊದ್ಲ ತಲ್ಯಾಗ ಇಟ್ಕೋರಿ. ಒಂದು ಡಿಸ್ಕ್ ಮ್ಯಾಲಿರೂ ಫೈಲ್. ಎರಡನೇದು ಆ ಫೈಲ್ ಓದಿ ಪಿಐಡಿ 1, ಅಂದ್ರ ಸಿಸ್ಟಮ್‌ಡಿ, ತನ್ನ ಮೆಮರಿಯೊಳಗ ಇಟ್ಕೊಂಡಿರೂ ಕಾಪಿ. ಮೂರನೇದು ಖರೇ ಓಡಾಕತ್ತಿರೂ ಪ್ರೊಸೆಸ್. ನೀವು ವಿಮ್‌ದಾಗ ಬದಲಿ ಮಾಡಿದ್ದು ಮೊದಲ್ನೇದು, ರೀಸ್ಟಾರ್ಟ್ ಹೊಡದಾಗ ಸಿಸ್ಟಮ್‌ಡಿ ನೋಡಿದ್ದು ಎರಡನೇದು. ನಡುವ ಡೀಮನ್-ರೀಲೋಡ್ (ಫೈಲ್ ಮತ್ತ ಓದು ಅಂತ ಸಿಸ್ಟಮ್‌ಡಿಗೆ ಹೇಳೂ ಕಮಾಂಡ್) ಆಗಿಲ್ಲ ಅಂದ್ರ ಹಳೇ ಕಾಪಿ ಪ್ರಕಾರನ ಹೊಸಾ ಪ್ರೊಸೆಸ್ ಎದ್ದು ಕುಂದ್ರತೈತಿ.

ಸಿಸ್ಟಮ್‌ಡಿ ಇದನ್ನ ಹೇಳತೈತಿ, ಡಿಸ್ಕ್ ಮ್ಯಾಲೆ ಯೂನಿಟ್ ಫೈಲ್ ಬದಲಿ ಆಗೇತಿ, ಡೀಮನ್-ರೀಲೋಡ್ ಹೊಡೀರಿ ಅಂತ ಒಂದು ವಾರ್ನಿಂಗ್ ಕೊಡತೈತಿ. ಆದ್ರ ಡಿಪ್ಲಾಯ್ ಸ್ಕ್ರಿಪ್ಟ್‌ದಾಗ ಔಟ್‌ಪುಟ್ ಎಲ್ಲಾ ಡೆವ್ ನಲ್‌ಗೆ (ಹಾಕಿದ್ದೆಲ್ಲಾ ಮಾಯ ಆಗೂ ಜಾಗಾ) ಕಳಿಸಿಬಿಟ್ರ ಅದು ಯಾರ ಕಣ್ಣಿಗೂ ಬೀಳಂಗಿಲ್ಲ. ಡೌಟ್ ಇದ್ರ ಸಿಸ್ಟಮ್‌ಸಿಟಿಎಲ್ ಶೋ ಕೊಟ್ಟು ನೀಡ್‌ಡೀಮನ್‌ರೀಲೋಡ್ ಅನ್ನೂ ಪ್ರಾಪರ್ಟಿ ನೋಡ್ರಿ, ಯೆಸ್ ಅಂತಿದ್ರ ಡಿಸ್ಕ್‌ಗೂ ಮೆಮರಿಗೂ ತಾಳ ಇಲ್ಲ ಅಂತ ಅರ್ಥ.

ಇನ್ನೊಂದು, ಸಿಸ್ಟಮ್‌ಸಿಟಿಎಲ್ ಕ್ಯಾಟ್ ತೋರಿಸೂದು ಡಿಸ್ಕ್ ಮ್ಯಾಲಿನ ಫೈಲ್, ಶೋ ತೋರಿಸೂದು ಮೆಮರಿಯೊಳಗಿಂದು. ಬಾಳ ಮಂದಿ ಕ್ಯಾಟ್ ನೋಡಿ "ಎಲ್ಲಾ ಸರಿ ಐತಲ್ಲ" ಅಂತ ತಾಸುಗಟ್ಲೆ ಬ್ಯಾರೆ ಕಡೆ ಹುಡುಕತಾರ.

ಪ್ರ: ಹಳೇ ಇನಿಟ್ ಇದ್ದಾಗ ಈ ಕಿರಿಕಿರಿ ಇರಲಿಲ್ಲಲ್ರಿ, ಈಗ ಯಾಕ ಬಂತು?

ಇದನ್ನ ನಮ್ಮ ಸೀನಿಯರ್ ಮಂದಿ ಕೇಳತಾರ, ಪ್ರಶ್ನೆ ಬರೋಬ್ಬರಿ ಐತಿ. ಸಿಸ್ಟಮ್‌ಡಿಕಿಂತ ಮೊದ್ಲ ಈ ಕೆಲಸಾ ಮಾಡತಿದ್ದ ಸಿಸ್ಟಮ್ ಫೈವ್ ಇನಿಟ್‌ದಾಗ ಸರ್ವಿಸ್ ಅಂದ್ರ ಒಂದು ಶೆಲ್ ಸ್ಕ್ರಿಪ್ಟ್, ಓಡಿಸಿದಾಗೆಲ್ಲಾ ಡಿಸ್ಕ್‌ದಿಂದ ಹೊಸದಾಗಿ ಓದತಿತ್ತು, ಹಿಂಗಾಗಿ ಬದಲಿ ಮಾಡಿದ್ದು ತಕ್ಷಣ ಹತ್ತತಿತ್ತು. 2010ರಾಗ ಲೆನಾರ್ಟ್ ಪೊಟರಿಂಗ್ ಮತ್ತ ಕೇ ಸೀವರ್ಸ್ ಸಿಸ್ಟಮ್‌ಡಿ ಶುರು ಮಾಡಿದ್ರು, 2011ರಾಗ ಫೆಡೋರಾ 15 ಅದನ್ನ ಡಿಫಾಲ್ಟ್ ಮಾಡ್ತು, 2014ರಾಗ ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 7, 2015ರಾಗ ಡೆಬಿಯನ್ 8 ಮತ್ತ ಉಬುಂಟು 15.04. ಇದು ಯಾವ ಸರ್ವಿಸ್ ಯಾವುದರ ಮ್ಯಾಲೆ ನಿಂತೈತಿ, ಯಾವುದು ಮೊದ್ಲ, ಯಾವುದು ಆಮ್ಯಾಲ ಅನ್ನೂ ಪೂರ್ತಿ ಲೆಕ್ಕ ಮೆಮರಿಯೊಳಗ ಇಟ್ಕೊಂಡು ಆದಷ್ಟು ಎಲ್ಲಾ ಒಮ್ಮೆಲೇ ಎಬ್ಬಿಸತೈತಿ. ಒಬ್ರು ಒಂದು ಫೈಲ್ ಅರ್ಧಾ ಬರದು ಸೇವ್ ಮಾಡಿದಾಗೆಲ್ಲಾ ಆ ಲೆಕ್ಕ ಬದಲಿ ಆಗಿಬಿಟ್ರ ಸರ್ವರ್ ಕತಿ ಮುಗೀತು. ಅದಕ್ಕ ನೀವ ಬಾಯಿಬಿಟ್ಟು ಹೇಳೂ ತನಕ ಅದು ಮತ್ತ ಓದಂಗಿಲ್ಲ. ನನ್ನ ಪ್ರಕಾರ ಇದು ಛಲೋ ಡಿಸೈನ್.

ಪ್ರ: ಪ್ರೊಡಕ್ಷನ್‌ದಾಗ ಡೀಮನ್-ರೀಲೋಡ್ ಹೊಡದ್ರ ಓಡೂ ಸರ್ವಿಸ್ ಬಂದ್ ಆಗತಾವೇನ್ರಿ?

ಇಲ್ಲ. ಓಡೂ ಪ್ರೊಸೆಸ್ ಒಂದನ್ನೂ ಅದು ಮುಟ್ಟಂಗಿಲ್ಲ. ಜನರೇಟರ್‌ಗಳನ್ನ (ಬ್ಯಾರೆ ಕಾನ್ಫಿಗ್ ಓದಿ ಯೂನಿಟ್ ತಯಾರ ಮಾಡೂ ಸಣ್ಣ ಪ್ರೋಗ್ರಾಂ) ಮತ್ತ ಓಡಿಸತೈತಿ, ಎಲ್ಲಾ ಯೂನಿಟ್ ಫೈಲ್ ಮತ್ತ ಓದತೈತಿ, ಡಿಪೆಂಡೆನ್ಸಿ ಲೆಕ್ಕ ಹೊಸದಾಗಿ ಹಾಕತೈತಿ, ಮತ್ತ ಇದೆಲ್ಲಾ ನಡೀವಾಗ ಸಿಸ್ಟಮ್‌ಡಿ ಕೇಳ್ಕೋತ ಕುಂತಿರೂ ಸಾಕೆಟ್‌ಗಳು ತೆರದ ಇರತಾವ. ಯಾವ ಡಿಸ್ಕ್ ಎಲ್ಲಿ ಮೌಂಟ್ ಅಂತ ಬರದಿರೂ ಎಫ್‌ಎಸ್‌ಟ್ಯಾಬ್ ಫೈಲ್ ಬದಲಿ ಮಾಡಿದ್ರೂ ಇದನ್ನ ಹೊಡೀಬೇಕು, ಯಾಕಂದ್ರ ಅದರಿಂದ ಮೌಂಟ್ ಯೂನಿಟ್ ತಯಾರ ಮಾಡೂದೂ ಒಂದು ಜನರೇಟರ್‌ನ.

ಆದ್ರ ಒಂದು ವಿಷಯದಾಗ ಹುಷಾರಿರಬೇಕು, ಇದನ್ನ ಯಾರೂ ಹೇಳಿಕೊಡಂಗಿಲ್ಲ. ಡೀಮನ್-ರೀಲೋಡ್‌ಗೆ ಸರ್ವಿಸ್ ಹೆಸರು ಕೊಡಾಕ ಬರಂಗಿಲ್ಲ, ಅದು ಎಲ್ಲಾರ ಫೈಲೂ ಓದತೈತಿ. ಹೋದ ವಾರ ಬ್ಯಾರೆ ಟೀಮಿನವ್ರು ಡೇಟಾಬೇಸ್ ಯೂನಿಟ್ ಅರ್ಧಾ ಬದಲಿ ಮಾಡಿ ಹಂಗ ಬಿಟ್ಟು ಹೋಗಿದ್ರು ಅಂದ್ರ, ನೀವು ಡಬ್ಬಾ ಸಲುವಾಗಿ ರೀಲೋಡ್ ಹೊಡದಾಗ ಅವರ ಅರ್ಧಂಬರ್ಧ ಫೈಲೂ ಮೆಮರಿಗೆ ಹೋತು. ಆ ಹೊತ್ತಿಗೆ ಏನೂ ಆಗಂಗಿಲ್ಲ, ಎರಡು ದಿನ ಬಿಟ್ಟು ಯಾರರ ಡೇಟಾಬೇಸ್ ರೀಸ್ಟಾರ್ಟ್ ಮಾಡಿದಾಗ ಅದು ಏಳಂಗಿಲ್ಲ, ಆಗ ಕಾರಣ ಹುಡುಕೂದು ಬಾಳ ಕಷ್ಟ. ಅದಕ್ಕ ಹಂಚ್ಕೊಂಡು ಬಳಸೂ ಸರ್ವರ್ ಇದ್ರ ಹೊಡಿಯೂಕಿಂತ ಮೊದ್ಲ ಇಟಿಸಿ ಕೆಳಗ ಸಿಸ್ಟಮ್‌ಡಿ ಡೈರೆಕ್ಟರಿಯೊಳಗ ಇತ್ತೀಚಿಗೆ ಯಾವ ಫೈಲ್ ಬದಲಿ ಆಗ್ಯಾವ ತಾರೀಖು ನೋಡ್ರಿ. ನಿಮ್ಮ ಫೈಲ್‌ನ್ನ ಸಿಸ್ಟಮ್‌ಡಿ-ಅನಲೈಜ್ ವೆರಿಫೈ ಕೊಟ್ಟು ಚೆಕ್ ಮಾಡ್ರಿ, ಸ್ಪೆಲ್ಲಿಂಗ್ ತಪ್ಪು, ಇಲ್ಲದ ಬೈನರಿ ಎಲ್ಲಾ ಅಲ್ಲೇ ಸಿಗತಾವ.

ಡೀಮನ್-ರೀಎಕ್ಸೆಕ್ ಅಂತ ಇನ್ನೊಂದು ಐತಿ, ಅದು ಪಿಐಡಿ 1ನ್ನ ತನ್ನ ಸ್ಥಿತಿ ಉಳಿಸಿಕೊಂಡು ಹೊಸದಾಗಿ ಎಬ್ಬಸತೈತಿ. ಯೂನಿಟ್ ಫೈಲ್ ಬದಲಿಗೆ ಅದು ಬ್ಯಾಡ.

ಪ್ರ: ರೀಲೋಡ್, ರೀಸ್ಟಾರ್ಟ್, ಡೀಮನ್-ರೀಲೋಡ್, ಯಾವುದು ಯಾವಾಗ?

ಡೀಮನ್-ರೀಲೋಡ್ ಸಿಸ್ಟಮ್‌ಡಿಗೆ ಹೇಳೂದು. ರೀಲೋಡ್ ನಿಮ್ಮ ಪ್ರೋಗ್ರಾಂಗೆ ಹೇಳೂದು, "ನಿನ್ನ ಕಾನ್ಫಿಗ್ ಮತ್ತ ಓದಪಾ" ಅಂತ. ರೀಸ್ಟಾರ್ಟ್ ಅಂದ್ರ ಹಳೇ ಪ್ರೊಸೆಸ್ ಹೋಗಿ ಹೊಸದು ಬರೂದು. ಎಂಜಿನ್‌ಎಕ್ಸ್ ಅನ್ನೂ ವೆಬ್ ಸರ್ವರ್ ತಗೋರಿ: ಅದರ ಕಾನ್ಫಿಗ್ ಬದಲಿ ಮಾಡಿದ್ರ ಎಂಜಿನ್‌ಎಕ್ಸ್ ಡ್ಯಾಶ್ ಟಿ ಕೊಟ್ಟು ಟೆಸ್ಟ್ ಮಾಡಿ ಸುಮ್ನ ರೀಲೋಡ್ ಕೊಡ್ರಿ, ಮಾಸ್ಟರ್ ಪ್ರೊಸೆಸ್ ಹೊಸಾ ಕಾನ್ಫಿಗ್ ಓದಿ ಹೊಸಾ ವರ್ಕರ್ ಎಬ್ಬಸತೈತಿ, ಹಳೇ ವರ್ಕರ್ ಕೈಯಾಗಿನ ರಿಕ್ವೆಸ್ಟ್ ಮುಗಿಸಿ ತಾವ ಹೋಗತಾವ, ಒಂದು ಆರ್ಡರೂ ತಪ್ಪಂಗಿಲ್ಲ.

ರೀಲೋಡ್ ಎಲ್ಲಾ ಸರ್ವಿಸ್‌ಗೂ ಬರಂಗಿಲ್ಲ, ಯೂನಿಟ್‌ದಾಗ ಎಕ್ಸೆಕ್‌ರೀಲೋಡ್ ಅಂತ ಬರದಿರಬೇಕು (ಇಲ್ಲಾ ಮುಂದ ಹೇಳೂ ನೋಟಿಫೈ-ರೀಲೋಡ್ ಟೈಪ್ ಇರಬೇಕು), ಇಲ್ಲಾಂದ್ರ ಈ ಯೂನಿಟ್‌ಗೆ ರೀಲೋಡ್ ಅನ್ವಯ ಆಗಂಗಿಲ್ಲ ಅಂತ ಎರರ್ ಬರತೈತಿ. ಇಲ್ಲೇ ಬಾಳ ಮಂದಿ ನೆಟ್‌ದಾಗಿಂದ ಒಂದು ಲೈನ್ ಕಾಪಿ ಹೊಡೀತಾರ, ಎಕ್ಸೆಕ್‌ರೀಲೋಡ್ ಮುಂದ ಕಿಲ್ ಡ್ಯಾಶ್ ಹಪ್ ಮೇನ್‌ಪಿಐಡಿ ಅಂತ. ಸಿಗ್ನಲ್ ಅಂದ್ರ ಓಡೂ ಪ್ರೊಸೆಸ್‌ಗೆ ಹೊರಗಿಂದ ಕಳಿಸೂ ಸೂಚನಾ, ಹಪ್ ಅದರಾಗ ಒಂದು; ಹಪ್ ಸಿಗ್ನಲ್‌ನ್ನ ನಿಮ್ಮ ಪ್ರೋಗ್ರಾಂ ಹಿಡಕೊಂಡ್ರ ಮಾತ್ರ ಅದಕ್ಕ ಅರ್ಥ ಐತಿ. ನಮ್ಮ ಡಬ್ಬಾ ಪೈಥಾನ್ ಆ್ಯಪ್‌ದಾಗ ಹ್ಯಾಂಡ್ಲರ್ (ಸಿಗ್ನಲ್ ಹಿಡಿಯೂ ಕೋಡ್) ಬರದಿಲ್ಲ ಅಂದ್ರ ಹಪ್ ಬಂದ ಕೂಡ್ಲೆ ಪ್ರೊಸೆಸ್ ಸಾಯತೈತಿ, ಯಾಕಂದ್ರ ಆ ಸಿಗ್ನಲ್‌ನ ಡಿಫಾಲ್ಟ್ ಕೆಲಸ ಅದ. ಸತ್ರ ಸಾಯಲಿ, ರೀಸ್ಟಾರ್ಟ್ ಆನ್-ಫೇಲ್ಯೂರ್ ಹಾಕೀನಿ, ಮತ್ತ ಎದ್ದೇಳತೈತಿ ಅಂತೀರಿ. ಏಳಂಗಿಲ್ಲ! ಹಪ್, ಇಂಟ್, ಟರ್ಮ್, ಪೈಪ್ ಈ ನಾಲ್ಕು ಸಿಗ್ನಲ್‌ದಿಂದ ಸತ್ತ ಸರ್ವಿಸ್‌ನ್ನ ಸಿಸ್ಟಮ್‌ಡಿ ಸರಿಯಾಗಿ ಮುಗೀತು ಅಂತ ಲೆಕ್ಕಾ ಹಿಡೀತೈತಿ, ಫೇಲ್ಯೂರ್ ಅನ್ನಂಗಿಲ್ಲ. ಮುಂಜಾನೆ ಹನ್ನೊಂದಕ್ಕ ಒಬ್ರು "ಬರೇ ರೀಲೋಡ್ ಅಷ್ಟ" ಅಂತ ಹೊಡದ್ರ ಸರ್ವಿಸ್ ಬಂದ್, ಅಲರ್ಟ್ ಬರೇ ಫೇಲ್ ಆದದ್ದಕ್ಕ ಇಟ್ಟಿದ್ರ ಅಲರ್ಟೂ ಇಲ್ಲ, ಆ ದಿನ ಡಬ್ಬಾ ನಂಬಿದ ಹುಡುಗ್ರು ವಡಾಪಾವ್ ತಿಂದು ಮಲಗಬೇಕು. ಅದಕ್ಕ ಹ್ಯಾಂಡ್ಲರ್ ಬರೀರಿ, ಇಲ್ಲಾ ಎಕ್ಸೆಕ್‌ರೀಲೋಡ್ ಲೈನ್ ಹಾಕಬ್ಯಾಡ್ರಿ, ನಡುವಿನ ದಾರಿ ಇಲ್ಲ.

ಹ್ಯಾಂಡ್ಲರ್ ಇದ್ರೂ ಇನ್ನೊಂದು ತೊಡಕೈತಿ. ಕಿಲ್ ಕಮಾಂಡ್ ಸಿಗ್ನಲ್ ಕಳಿಸಿ ವಾಪಸ್ ಬಂದುಬಿಡತೈತಿ, ಪ್ರೋಗ್ರಾಂ ಕಾನ್ಫಿಗ್ ಓದಿ ಮುಗಸೂ ತನಕ ಕಾಯಂಗಿಲ್ಲ, ಸಿಸ್ಟಮ್‌ಡಿ ರೀಲೋಡ್ ಆತು ಅಂತ ಹೇಳಿಬಿಡತೈತಿ. 2023ರಾಗ ಬಂದ ವರ್ಷನ್ 253ರಾಗ ಇದಕ್ಕ ನೋಟಿಫೈ-ರೀಲೋಡ್ ಅನ್ನೂ ಸರ್ವಿಸ್ ಟೈಪ್ ಕೊಟ್ಟಾರ, ಪ್ರೋಗ್ರಾಂ ತಾನ "ಓದಾಕ ಶುರು ಮಾಡೀನಿ, ಮುಗೀತು" ಅಂತ ತಿಳಸತೈತಿ. ಹೊಸಾ ಆ್ಯಪ್ ಬರಿಯಾಕತ್ತಿದ್ರ ಇದನ್ನ ಬಳಸ್ರಿ.

ಸರ್ವಿಸ್‌ಗೆ ರೀಲೋಡ್ ಬರತೈತೋ ಇಲ್ಲೋ ಗೊತ್ತಿಲ್ಲದಾಗ ರೀಲೋಡ್-ಆರ್-ರೀಸ್ಟಾರ್ಟ್ ಐತಿ. ಓಡಾಕತ್ತಿದ್ರ ಮಾತ್ರ ಮಾಡು, ಬಂದ್ ಇದ್ರ ಎಬ್ಬಸಬ್ಯಾಡ ಅನ್ನಾಕ ಅದರ ಹೆಸರಿನ ಶುರೂಗೆ ಟ್ರೈ ಹಚ್ಚಿರಿ, ಟ್ರೈ-ರೀಲೋಡ್-ಆರ್-ರೀಸ್ಟಾರ್ಟ್ ಅಂತ.

ಪ್ರ: ಎನ್ವಿರಾನ್‌ಮೆಂಟ್ ಫೈಲ್‌ದಾಗ ಪಾಸ್‌ವರ್ಡ್ ಬದಲಿ ಮಾಡೀನಿ, ಡೀಮನ್-ರೀಲೋಡ್ ಬೇಕಾ?

ಬ್ಯಾಡ, ಆ ಫೈಲ್ ಪ್ರೊಸೆಸ್ ಶುರು ಆಗೂ ಹೊತ್ತಿಗೆ ಓದತೈತಿ, ರೀಸ್ಟಾರ್ಟ್ ಸಾಕು. ಯೂನಿಟ್ ಫೈಲ್ ಒಳಗ ಎನ್ವಿರಾನ್‌ಮೆಂಟ್ ಅಂತ ನೇರ ಬರದದ್ದು ಬದಲಿ ಮಾಡಿದ್ರ ಎರಡೂ ಬೇಕು. ಬರೇ ರೀಲೋಡ್ ಕೊಟ್ರ ಎರಡರಾಗೂ ಉಪಯೋಗಿಲ್ಲ, ಓಡೂ ಪ್ರೊಸೆಸ್‌ನ ಎನ್ವಿರಾನ್‌ಮೆಂಟ್ ಹೊರಗಿಂದ ಬದಲಿ ಆಗಂಗಿಲ್ಲ.

ಪ್ರ: ಒಂದು ಸರ್ವಿಸ್ ಪೂರ್ತಿ ತಗೀಬೇಕು, ಗುರ್ತು ಸೈತ ಉಳೀಬಾರ್ದು. ಹೆಂಗ?

ಖಾನಾವಳಿಯವ್ರು ಬ್ಯಾರೆ ಆ್ಯಪ್ ತಗೊಂಡ್ರು, ನಮ್ಮ ಡಬ್ಬಾ ತಗೀಬೇಕು ಅಂತ ಇಟ್ಕೋರಿ. ಇಲ್ಲಿ ಕ್ರಮ ಮುಖ್ಯ, ಫೈಲ್ ಅಳಸೂದು ಕಡೀಗೆ.

ಮೊದ್ಲ ಇದನ್ನ ಎಬ್ಬಸವ್ರು ಯಾರ್ಯಾರ ಅದಾರ ನೋಡ್ರಿ, ಅಂದ್ರ ಟೈಮರ್ (ಹೊತ್ತಿಗೆ ಎಬ್ಬಸೂದು), ಸಾಕೆಟ್ (ಪೋರ್ಟ್‌ಗೆ ಯಾರರ ಬಂದ್ರ ಎಬ್ಬಸೂದು), ಪಾಥ್ (ಫೈಲ್ ಬದಲಿ ಆದ್ರ ಎಬ್ಬಸೂದು) ಯೂನಿಟ್. ಅವನ್ನ ಮೊದ್ಲ ನಿಲ್ಲಸ್ರಿ, ಇಲ್ಲಾಂದ್ರ ಸರ್ವಿಸ್ ನಿಲ್ಲಿಸಿದ ಮ್ಯಾಲೆ ಯಾರರ ಆ ಪೋರ್ಟ್‌ಗೆ ಬಂದ್ರ ಸಾಕೆಟ್ ಅದನ್ನ ಮತ್ತ ಎಬ್ಬಸತೈತಿ, ಸ್ಟಾಪ್ ಹೊಡಿವಾಗ ಸಿಸ್ಟಮ್‌ಡಿ ಈ ಮಾತು ವಾರ್ನಿಂಗ್ ಆಗಿ ಹೇಳೂದೂ ಇದಕ್ಕ. ಆಮ್ಯಾಲ ಡಿಸೇಬಲ್ ಡ್ಯಾಶ್ ಡ್ಯಾಶ್ ನೌ. ಬರೇ ಡಿಸೇಬಲ್ ಅಂದ್ರ ಬೂಟ್ ಹೊತ್ತಿಗೆ ಎಬ್ಬಸಬ್ಯಾಡ ಅಂತ ಅಷ್ಟ, ಮಲ್ಟಿ-ಯೂಸರ್ ಟಾರ್ಗೆಟ್‌ನ ವಾಂಟ್ಸ್ ಡೈರೆಕ್ಟರಿಯೊಳಗಿನ ಸಿಮ್‌ಲಿಂಕ್ (ಇನ್ನೊಂದು ಫೈಲ್ ಕಡೆ ತೋರಿಸೂ ಕೊಂಡಿ) ತಗೀತೈತಿ, ಓಡೂ ಪ್ರೊಸೆಸ್ ಹಂಗ ಓಡತಿರತೈತಿ. ನೌ ಹಚ್ಚಿದ್ರ ನಿಲ್ಲಿಸೂದೂ ಆತು. ನಿಲ್ಲಾಕ ಹೊತ್ತು ಹಿಡಿದ್ರ ಗಾಬರಿ ಆಗಬ್ಯಾಡ್ರಿ, ಮೊದ್ಲ ಟರ್ಮ್ ಸಿಗ್ನಲ್ ಕಳಿಸಿ ಡಿಫಾಲ್ಟ್ ಪ್ರಕಾರ 90 ಸೆಕೆಂಡ್ ಕಾದು ಆಮ್ಯಾಲ ಕಿಲ್ ಹೊಡೀತೈತಿ.

ಈಗ ಡೇಟಾ. ಯೂನಿಟ್‌ದಾಗ ಸ್ಟೇಟ್‌ಡೈರೆಕ್ಟರಿ, ಕ್ಯಾಶ್‌ಡೈರೆಕ್ಟರಿ ಅಂತ ಬರದಿದ್ರ ಸಿಸ್ಟಮ್‌ಸಿಟಿಎಲ್ ಕ್ಲೀನ್ ಅನ್ನೂ ಕಮಾಂಡ್ ಅವನ್ನ ತಗೀತೈತಿ, ಆದ್ರ ಯಾವ್ಯಾವ ಡೈರೆಕ್ಟರಿ ಅಂತ ಅದಕ್ಕ ಗೊತ್ತಾಗೂದು ಯೂನಿಟ್ ಫೈಲ್‌ದಿಂದ, ಅದಕ್ಕ ಫೈಲ್ ಇನ್ನ ಇರೂವಾಗ, ಸರ್ವಿಸ್ ನಿಂತ ಮ್ಯಾಲೆ ಇದನ್ನ ಓಡಿಸಬೇಕು. ಏನೂ ಹೇಳದ ಕೊಟ್ರ ಕ್ಯಾಶ್ ಮತ್ತ ರನ್‌ಟೈಮ್ ಅಷ್ಟ ತಗೀತೈತಿ, ಖರೇ ಡೇಟಾ ಇರೂ ಸ್ಟೇಟ್ ತಗಿಯಾಕ ವಾಟ್ ಆಪ್ಷನ್‌ದಾಗ ಹೆಸರು ಹಿಡದು ಹೇಳಬೇಕು. ಹೇಳೂಕಿಂತ ಮೊದ್ಲ ಬ್ಯಾಕಪ್ ತಗೋರಿ, ಬಾಕಿ ಲೆಕ್ಕಾ ಯಾರ್ಯಾರದು ಎಷ್ಟೈತಿ ಅನ್ನೂದು ಅಲ್ಲೇ ಇರತೈತಿ.

ಆಮ್ಯಾಲ ಇಟಿಸಿ ಕೆಳಗಿನ ಯೂನಿಟ್ ಫೈಲ್ ಅಳಸ್ರಿ, ಅದರ ಹೆಸರಿಗೆ ಡಾಟ್ ಡಿ ಹಚ್ಚಿದ ಡ್ರಾಪ್-ಇನ್ ಡೈರೆಕ್ಟರಿ ಇದ್ರ ಅದನ್ನೂ ಅಳಸ್ರಿ. ಇದನ್ನ ಬಿಟ್ರ ಮುಂದ ಯಾರರ ಅದ ಹೆಸರಿನ ಹೊಸಾ ಸರ್ವಿಸ್ ಹಾಕಿದಾಗ ಹಳೇ ಓವರ್‌ರೈಡ್ ಬಂದು ಅದಕ್ಕ ಹತ್ತತೈತಿ. ಡೀಮನ್-ರೀಲೋಡ್ ಹೊಡೀರಿ. ಕಡೀಗೆ ರೀಸೆಟ್-ಫೇಲ್ಡ್, ಅದು ಫೇಲ್ ಆದ ಗುರ್ತು ಅಳಸತೈತಿ.

ಪ್ರ: ನಾನು ಮೊದ್ಲ ಫೈಲ್ ಅಳಿಸಿಬಿಟ್ಟೆ, ಪ್ರೊಸೆಸ್ ಇನ್ನೂ ಓಡಾಕತ್ತೈತಿ. ಈಗ?

ಅಳಿಸಿದ ಮ್ಯಾಲೆ ಡೀಮನ್-ರೀಲೋಡ್ ಆಗಿದ್ರ ಸ್ಟೇಟಸ್‌ದಾಗ ಲೋಡೆಡ್ ಮುಂದ ನಾಟ್-ಫೌಂಡ್, ಅದರ ಕೆಳಗ ಆ್ಯಕ್ಟಿವ್ ರನಿಂಗ್ ಅಂತ ಕಾಣಸತೈತಿ, ಹೆದರಬ್ಯಾಡ್ರಿ. ಪ್ರೊಸೆಸ್ ಇನ್ನೂ ಅದರ ಸಿಗ್ರೂಪ್ (ಒಂದು ಸರ್ವಿಸಿನ ಪ್ರೊಸೆಸ್‌ಗಳ ಗುಂಪು) ಒಳಗ ಐತಿ, ಸ್ಟಾಪ್ ಕೊಟ್ರ ನಿಲ್ಲತೈತಿ. ಆದ್ರ ಫೈಲ್ ಹೋದ ಮ್ಯಾಲೆ ಡೀಮನ್-ರೀಲೋಡೂ ಆಗಿದ್ರ ನಿಲ್ಲಿಸೂ ಕಮಾಂಡ್ ಬರದ ನಿಮ್ಮ ಎಕ್ಸೆಕ್‌ಸ್ಟಾಪ್ ಲೈನ್ ಮೆಮರಿಯೊಳಗೂ ಇಲ್ಲ, ಬರೇ ಸಿಗ್ನಲ್ ಹೋಗತೈತಿ, ಡೇಟಾಬೇಸ್ ಅಂಥಾದ್ದು ಇದ್ರ ಮೊದ್ಲ ಫೈಲ್ ವಾಪಸ್ ಇಟ್ಟು ರೀಲೋಡ್ ಹೊಡದು ಆಮ್ಯಾಲ ನಿಲ್ಲಿಸೂದು ಶಾಣ್ಯಾತನ. ಡಿಸೇಬಲ್ ಮಾಡದ ಅಳಿಸಿದ್ರ ವಾಂಟ್ಸ್ ಒಳಗ ಮುರದ ಸಿಮ್‌ಲಿಂಕ್ ಉಳದಿರತೈತಿ. ಇಟಿಸಿ ಸಿಸ್ಟಮ್‌ಡಿ ಸಿಸ್ಟಮ್ ಮ್ಯಾಲೆ ಫೈಂಡ್ ಕಮಾಂಡ್‌ಗೆ ಎಕ್ಸ್‌ಟೈಪ್ ಎಲ್ ಕೊಟ್ರ ಅಂಥಾವು ಎಲ್ಲಾ ಸಿಗತಾವ, ಒಂದೊಂದ ನೋಡಿ ತಗೀರಿ.

ಪ್ರ: ಮಾಸ್ಕ್ ಮಾಡಿದ್ರ ತಗದಂಗ ಅಲ್ಲೇನು?

ಅಲ್ಲ. ಮಾಸ್ಕ್ ಅಂದ್ರ ಬಾಗಿಲಿಗೆ ಕೀಲಿ ಹಾಕಿದಂಗ, ಮನಿ ಅಲ್ಲೇ ಇರತೈತಿ. ಆ ಹೆಸರಿನ ಸಿಮ್‌ಲಿಂಕ್‌ನ್ನ ಡೆವ್ ನಲ್ ಕಡೆ ತಿರಗಸತೈತಿ, ಆಮ್ಯಾಲ ಕೈಯಿಂದ ಸ್ಟಾರ್ಟ್ ಕೊಟ್ರೂ, ಬ್ಯಾರೆ ಸರ್ವಿಸ್ ಬೇಕು ಅಂದ್ರೂ ಏಳಂಗಿಲ್ಲ. ಆದ್ರ ಬರೇ ಡಿಸೇಬಲ್ ಆದದ್ದನ್ನ ಯಾವುದರ ಡಿಪೆಂಡೆನ್ಸಿ ಎಬ್ಬಸಬಹುದು. ಡಿಸ್ಟ್ರೋ ಜೊತಿ ಬಂದ, ಅಳಸಾಕ ಬರದ ಸರ್ವಿಸ್‌ಗೆ ಮಾಸ್ಕ್ ಛಲೋ. ನೀವ ಇಟಿಸಿ ಒಳಗ ಬರದ ಯೂನಿಟ್‌ಗೆ ಕೊಟ್ರ ಫೈಲ್ ಮೊದ್ಲ ಐತಿ ಅಂತ ಎರರ್ ಬರತೈತಿ, ಯಾಕಂದ್ರ ಸಿಮ್‌ಲಿಂಕ್ ಕುಂದ್ರಬೇಕಾದ ಜಾಗಾ ಅದ.

ಪ್ರ: ಪ್ಯಾಕೇಜ್ ಜೊತಿ ಬಂದ ಯೂನಿಟ್ ಫೈಲ್‌ನ್ನ ನೇರ ತಿದ್ದಬಹುದಾ?

ಯುಎಸ್‌ಆರ್ ಲಿಬ್ ಕೆಳಗಿನ ಫೈಲ್ ಮುಟ್ಟಬ್ಯಾಡ್ರಿ, ತಿದ್ದಿದ್ರ ಮುಂದಿನ ಅಪ್‌ಡೇಟ್‌ದಾಗ ಹೋತು, ಅಳಿಸಿದ್ರ ಮುಂದಿನ ಅಪ್‌ಡೇಟ್‌ದಾಗ ವಾಪಸ್ ಬಂತು. ಸಿಸ್ಟಮ್‌ಸಿಟಿಎಲ್ ಎಡಿಟ್ ಕೊಡ್ರಿ, ಅದು ಇಟಿಸಿ ಕೆಳಗ ಓವರ್‌ರೈಡ್ ಫೈಲ್ ಮಾಡಿ, ಸೇವ್ ಆದ ಮ್ಯಾಲೆ ರೀಲೋಡೂ ತಾನ ಮಾಡತೈತಿ. ಎಕ್ಸೆಕ್‌ಸ್ಟಾರ್ಟ್ ಬದಲಿ ಮಾಡೂದಿದ್ರ ಮೊದ್ಲ ಒಂದು ಖಾಲಿ ಎಕ್ಸೆಕ್‌ಸ್ಟಾರ್ಟ್ ಲೈನ್ ಬರದು ಅದರ ಕೆಳಗ ಹೊಸದು ಬರೀರಿ, ಇಲ್ಲಾಂದ್ರ ಎರಡು ಎಕ್ಸೆಕ್‌ಸ್ಟಾರ್ಟ್ ಅದಾವ ಅಂತ ಸಿಸ್ಟಮ್‌ಡಿ ಆ ಯೂನಿಟ್ ಒಪ್ಪಂಗಿಲ್ಲ. ಮೊದಲಿನಂಗ ಬೇಕಂದ್ರ ರಿವರ್ಟ್ ಐತಿ, ನಿಮ್ಮ ಬದಲಿ ಎಲ್ಲಾ ತಗದು ಪ್ಯಾಕೇಜ್ ಕೊಟ್ಟದ್ದ ಉಳಿಸತೈತಿ.

ಪ್ರ: ತಗದು ವಾರ ಆತು, ಫೇಲ್ಡ್ ಲಿಸ್ಟ್‌ದಾಗ ಇನ್ನೂ ಕೆಂಪ ಚುಕ್ಕಿ ಕಾಣಸತೈತಿ.

ಫೇಲ್ ಆದ ಯೂನಿಟ್‌ನ್ನ ಸಿಸ್ಟಮ್‌ಡಿ ನೆನಪಿಟ್ಕೋತೈತಿ, ನೀವು ನೋಡ್ಲಿ ಅಂತ. ರೀಸೆಟ್-ಫೇಲ್ಡ್ ಜೊತಿ ಆ ಹೆಸರು ಕೊಡ್ರಿ, ಹೋಗತೈತಿ. ಹೆಸರು ಕೊಡದ ಹೊಡದ್ರ ಎಲ್ಲಾ ಫೇಲ್ ಆದವೂ ಅಳಸಿ ಹೋಗತಾವ, ಬ್ಯಾರೇವರು ನೋಡಬೇಕಾದದ್ದೂ. 10 ಸೆಕೆಂಡ್‌ದಾಗ 5ಕ್ಕಿಂತ ಹೆಚ್ಚು ಸಲ ಶುರು ಆಗಾಕ ನೋಡಿದ್ರ ಡಿಫಾಲ್ಟ್ ಪ್ರಕಾರ ಸಿಸ್ಟಮ್‌ಡಿ ತಡೀತೈತಿ, ಆ ಲೆಕ್ಕಾನೂ ಇದ ಕಮಾಂಡ್ ಸೊನ್ನೆ ಮಾಡತೈತಿ.

ಪ್ರ: ಲಾಗ್ ಹೋಗತಾವೇನು?

ಇಲ್ಲ, ಜರ್ನಲ್‌ದಾಗ ಇರತಾವ, ಜರ್ನಲ್‌ಸಿಟಿಎಲ್‌ಗೆ ಹಳೇ ಹೆಸರು ಕೊಟ್ರ ಈಗೂ ಬರತಾವ. ಒಂದ ಸರ್ವಿಸಿನ ಲಾಗ್ ಅಷ್ಟ ಅಳಸಾಕ ಬರಂಗಿಲ್ಲ, ವ್ಯಾಕ್ಯೂಮ್ ಮಾಡಿದ್ರ ಎಲ್ಲಾದಕ್ಕೂ ಸೇರಿ ಹಳೇವು ಹೋಗತಾವ.

ಪ್ರ: ರೂಟ್ ಇಲ್ಲ, ಯೂಸರ್ ಸರ್ವಿಸ್ ಐತಿ. ಬ್ಯಾರೆ ಏನರ ಐತೇನು?

ಎಲ್ಲಾ ಕಮಾಂಡ್‌ಗೂ ಡ್ಯಾಶ್ ಡ್ಯಾಶ್ ಯೂಸರ್ ಹಚ್ಚಬೇಕು, ಡೀಮನ್-ರೀಲೋಡ್‌ಗೂ. ಸುಡೋ ಹಚ್ಚಿ ಹೊಡದ ಡೀಮನ್-ರೀಲೋಡ್ ಪಿಐಡಿ 1ಕ್ಕ ಹೋಗತೈತಿ, ನಿಮ್ಮ ಯೂಸರ್ ಮ್ಯಾನೇಜರ್‌ಗೆ ಸುದ್ದೀನ ಇರಂಗಿಲ್ಲ. ಲಾಗ್ಔಟ್ ಆದ ಮ್ಯಾಲೂ ಓಡಬೇಕಂದ್ರ ಲಾಗಿನ್‌ಸಿಟಿಎಲ್‌ದಿಂದ ಲಿಂಗರ್ ಹಾಕಿರತೀರಿ, ಸರ್ವಿಸ್ ತಗದ ಮ್ಯಾಲೆ ಬ್ಯಾರೆ ಯಾವುದಕ್ಕೂ ಬೇಡಂದ್ರ ಅದನ್ನೂ ತಗೀರಿ.

ಪ್ರ: ನಮ್ಮ ಕಡೆ ಸಿಸ್ಟಮ್‌ಡಿ ಅಲ್ಲ, ರನಿಟ್ ಇಲ್ಲಾ ಡಿನಿಟ್ ಐತಿ.

ವಾಯ್ಡ್ ಲಿನಕ್ಸ್‌ದಾಗಿನ ರನಿಟ್ ಇದರಾಗ ಬಾಳ ಸರಳ, ಸರ್ವಿಸ್ ಡೈರೆಕ್ಟರಿಯ ಸಿಮ್‌ಲಿಂಕ್ ತಗದ್ರ ಆತು, ಅದು ಪ್ರತಿ 5 ಸೆಕೆಂಡಿಗೆ ತಾನ ನೋಡ್ಕೋತೈತಿ. ಓಪನ್‌ಆರ್‌ಸಿ ಅನ್ನೂ ಇನ್ನೊಂದರಾಗ ಮೊದ್ಲ ಸ್ಟಾಪ್, ಆಮ್ಯಾಲ ಆರ್‌ಸಿ-ಅಪ್‌ಡೇಟ್ ಡೆಲ್. ಡಿನಿಟ್‌ದಾಗ ಇನ್ನೂ ಸ್ಪಷ್ಟ ಐತಿ, ಒಂದೊಂದ ಸರ್ವಿಸ್‌ಗೆ ರೀಲೋಡ್ ಮತ್ತ ಅನ್‌ಲೋಡ್ ಅಂತ ಬ್ಯಾರೆ ಕಮಾಂಡ್ ಕೊಟ್ಟಾರ. ಅಲ್ಲಿ ರೀಲೋಡ್ ಅಂದ್ರ ಸರ್ವಿಸಿನ ಡಿಸ್ಕ್ರಿಪ್ಷನ್ ಫೈಲ್ ಮತ್ತ ಓದೂದು, ಸಿಸ್ಟಮ್‌ಡಿ ರೀಲೋಡ್‌ನ ಅರ್ಥ ಅಲ್ಲ. ಓಡೂ ಸರ್ವಿಸ್ ಅನ್‌ಲೋಡ್ ಆಗಂಗಿಲ್ಲ, ಅದರ ಮ್ಯಾಲೆ ನಿಂತ ಬ್ಯಾರೆ ಸರ್ವಿಸ್ ಲೋಡ್ ಆಗಿದ್ರೂ ಬಿಡಂಗಿಲ್ಲ. ಡಾಕರ್ ಕಂಟೇನರ್ ಒಳಗ ಪಿಐಡಿ 1 ಸಾಮಾನ್ಯವಾಗಿ ನಿಮ್ಮ ಆ್ಯಪ್‌ನ ಇರತೈತಿ, ಅಲ್ಲಿ ಸಿಸ್ಟಮ್‌ಸಿಟಿಎಲ್ ಹೊಡದ್ರ ಸಿಸ್ಟಮ್‌ಡಿಯಿಂದ ಬೂಟ್ ಆಗಿಲ್ಲ ಅಂತ ಎರರ್ ಬರೂದು ಸರೀನ ಐತಿ.

ಪ್ರ: ಮುಂಬೈ ಡೇಟಾ ಸೆಂಟರ್‌ದಾಗ ಬಾಳ ಮಷೀನ್ ಅದಾವ, ಆ್ಯನ್ಸಿಬಲ್‌ದಿಂದ (ಬಾಳ ಮಷೀನ್‌ಗೆ ಒಂದ ಕಡೆಯಿಂದ ಕೆಲಸಾ ಹಚ್ಚೂ ಟೂಲ್) ಮಾಡತೀವಿ. ಕೆಲವೊಂದ್ರಾಗ ಹಳೇದ ಓಡತೈತಿ, ಯಾಕ?

ಇದು ನನಗ ಎಲ್ಲಾಕ್ಕಿಂತ ಮಹತ್ವದ ಪ್ರಶ್ನೆ, ಯಾಕಂದ್ರ ಪ್ಲೇಬುಕ್ (ಆ್ಯನ್ಸಿಬಲ್ ಮಾಡೂ ಕೆಲಸಗಳ ಪಟ್ಟಿ) ಹಸಿರು ತೋರಸತೈತಿ, ಮಷೀನ್ ಮಾತ್ರ ಹಳೇದ. ಯೂನಿಟ್ ಫೈಲ್ ಬದಲಿ ಆದ್ರ ಡೀಮನ್-ರೀಲೋಡ್ ಮಾಡೂ ಹ್ಯಾಂಡ್ಲರ್ (ಇಲ್ಲಿ ಅಂದ್ರ ಏನರ ಬದಲಿ ಆದಾಗ ಅಷ್ಟ ಓಡೂ ಟಾಸ್ಕ್) ಬರದಿರತೀರಿ. ಹ್ಯಾಂಡ್ಲರ್ ಓಡೂದು ಪ್ಲೇ ಕಡೀಗೆ. ಫೈಲ್ ಕಾಪಿ ಆತು, ನಡುವ ಬ್ಯಾರೆ ಟಾಸ್ಕ್ ಒಂದು ಮಷೀನ್‌ದಾಗ ಫೇಲ್ ಆತು ಅಂದ್ರ ಅಲ್ಲಿ ಹ್ಯಾಂಡ್ಲರ್ ಓಡಂಗಿಲ್ಲ. ನೀವು ಆ ತಪ್ಪು ಸರಿ ಮಾಡಿ ಮತ್ತ ಓಡಸತೀರಿ, ಈಗ ಫೈಲ್ ಮೊದ್ಲ ಸರಿ ಐತಿ, ಬದಲಿ ಆಗೂದಿಲ್ಲ, ಹಿಂಗಾಗಿ ಹ್ಯಾಂಡ್ಲರ್‌ಗೆ ಕರೀನ ಹೋಗಂಗಿಲ್ಲ. ಪ್ಲೇ ಪಾಸ್. ಡಿಸ್ಕ್ ಮ್ಯಾಲೆ ಹೊಸದು, ಪಿಐಡಿ 1 ಒಳಗ ಹಳೇದು, ಆ ಮಷೀನ್ ರೀಬೂಟ್ ಆಗೂ ತನಕ ಇಲ್ಲಾ ಬ್ಯಾರೆ ಯಾರರ ಡೀಮನ್-ರೀಲೋಡ್ ಹೊಡಿಯೂ ತನಕ ಹಂಗ ಇರತೈತಿ.

ಅದಕ್ಕ ಫೈಲ್ ಕಾಪಿ ಟಾಸ್ಕ್ ಆದ ಕೂಡ್ಲೆ ಫ್ಲಶ್ ಹ್ಯಾಂಡ್ಲರ್ಸ್ ಹಾಕ್ರಿ, ಹ್ಯಾಂಡ್ಲರ್ ಅಲ್ಲೇ ಓಡತೈತಿ. ಇಲ್ಲಾ ಸರ್ವಿಸ್ ಟಾಸ್ಕ್ ಒಳಗ ಡೀಮನ್ ರೀಲೋಡ್ ಯೆಸ್ ಅಂತ ಯಾವಾಗ್ಲೂ ಇಡ್ರಿ, ಮ್ಯಾಲೆ ಹೇಳಿದಂಗ ಬ್ಯಾರೇವರ ಅರ್ಧಂಬರ್ಧ ಫೈಲ್ ಇಲ್ಲ ಅಂದ್ರ ಸುಮ್ನ ಒಮ್ಮೆ ಹೆಚ್ಚಿಗೆ ಓದಿದ್ರ ಏನೂ ಹಾಳಾಗಂಗಿಲ್ಲ. ಪ್ಲೇ ಕಡೀಗೆ ಎಲ್ಲಾ ಮಷೀನ್ ಮ್ಯಾಲೆ ನೀಡ್‌ಡೀಮನ್‌ರೀಲೋಡ್ ಕೇಳಿ, ಒಂದರಾಗರ ಯೆಸ್ ಬಂದ್ರ ಪ್ಲೇಬುಕ್ ಫೇಲ್ ಆಗೂ ಹಂಗ ಒಂದು ಟಾಸ್ಕ್ ಬರೀರಿ. ರೀಸ್ಟಾರ್ಟ್ ಮಾತ್ರ ಎಲ್ಲಾ ಮಷೀನ್‌ಗೆ ಒಮ್ಮೆಲೇ ಕೊಡಬ್ಯಾಡ್ರಿ, ಸೀರಿಯಲ್ ಒಂದು ಅಂತ ಇಟ್ಟು ಒಂದು ಎದ್ದು ಹೆಲ್ತ್ ಚೆಕ್ ಪಾಸ್ ಆದ ಮ್ಯಾಲೆ ಮುಂದಿಂದಕ್ಕ ಹೋಗ್ರಿ.